ಕಣ್ಣು ಮೊದಲು ಎಲ್ಲಿಗೆ ಹೋಗಬೇಕು? ಡಿಸೈನ್ ಮಾಡುವವರಿಗೆ ಕೆಲಸಕ್ಕೆ ಬರುವ ಒಂದಿಷ್ಟು ಮಾತು

ಡಿಸೈನ್ ತೋರಿಸಿದ ಕೂಡಲೇ ಗ್ರಾಹಕರು "ಏನೋ ಒಂದು ಸರಿ ಕಾಣ್ತಿಲ್ಲ" ಅನ್ನುತ್ತಾರೆ. ಏನು ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಬಣ್ಣ ಬದಲಿಸಿ ನೋಡೋಣ, ಫಾಂಟ್ ಬದಲಿಸಿ ನೋಡೋಣ ಅಂತ ಶುರುವಾಗುತ್ತದೆ. ಫೈಲಿನ ಹೆಸರಿಗೆ ಫೈನಲ್, ಫೈನಲ್-2, ಫೈನಲ್-3 ಅಂತ ಬಾಲ ಬೆಳೆಯುತ್ತಾ ಹೋಗುತ್ತದೆ. ನಾನು ನೋಡಿದ ಮಟ್ಟಿಗೆ ಇಂಥ ಕಡೆ ಬಣ್ಣದ ತಪ್ಪು ಇರುವುದು ಕಡಿಮೆ. ಆ ಪುಟದಲ್ಲಿ ಮೊದಲು ಯಾವುದು ಕಾಣಬೇಕು, ಆಮೇಲೆ ಯಾವುದು ಅಂತ ಯಾರೂ ತೀರ್ಮಾನ ಮಾಡಿರುವುದಿಲ್ಲ, ಅಷ್ಟೇ.

ಒಂದೇ ಕೋಣೆಯಲ್ಲಿ ಹತ್ತು ಜನ ಒಟ್ಟಿಗೆ ದನಿ ಏರಿಸಿದರೆ ಯಾರ ಮಾತೂ ಕಿವಿಗೆ ಬೀಳುವುದಿಲ್ಲ. ಪುಟದಲ್ಲೂ ಹಾಗೇ ಆಗುತ್ತದೆ. ದಪ್ಪ ಹೆಡ್ಡಿಂಗ್, ಕೆಂಪು ಬಟನ್, ಹಳದಿ ಪಟ್ಟಿ, ಮಿನುಗುವ ಬ್ಯಾನರ್ ಎಲ್ಲವೂ "ನನ್ನನ್ನು ನೋಡಿ" ಅಂದರೆ ನೋಡುವವರು ಏನನ್ನೂ ನೋಡದೆ ಮುಂದೆ ಹೋಗುತ್ತಾರೆ. ಹಾಗಾಗಿ ಡಿಸೈನರ್ ಮೊದಲು ಮಾಡಬೇಕಾದ ಕೆಲಸ ಸರದಿ ಕಟ್ಟುವುದು. ಗಾತ್ರ, ಖಾಲಿ ಜಾಗ, ಅಕ್ಷರ, ಬಣ್ಣ ಇವೆಲ್ಲ ಆ ಸರದಿಯನ್ನು ಕಣ್ಣಿಗೆ ಕಾಣಿಸುವ ಸಾಧನಗಳು. ಇವುಗಳನ್ನು ಹೇಗೆ ಬಳಸಬೇಕು ಅಂತ ಒಂದೊಂದಾಗಿ ನೋಡೋಣ.

ಒಂದು ಪೋಸ್ಟರ್ ಕೈಗೆತ್ತಿಕೊಳ್ಳೋಣ

ಎರಡು ದಿನದ ಫೋಟೋಗ್ರಫಿ ಕಾರ್ಯಾಗಾರಕ್ಕೆ ಪೋಸ್ಟರ್ ಬೇಕು ಅಂದುಕೊಳ್ಳಿ. ಗ್ರಾಹಕರು ಕೊಟ್ಟಿರುವುದು ಇಷ್ಟು: ಕಾರ್ಯಾಗಾರದ ಹೆಸರು, ದಿನಾಂಕ, ಸಮಯ, ಸ್ಥಳ, ಕಲಿಸುವವರ ಹೆಸರು, ಶುಲ್ಕ, ಫೋನ್ ನಂಬರ್, ನೋಂದಣಿಯ ಲಿಂಕ್, ಜೊತೆಗೆ ಮೂರು ಪ್ರಾಯೋಜಕರ ಲೋಗೋ. ಒಟ್ಟು ಹನ್ನೊಂದು ಸಂಗತಿ. ಎಲ್ಲವೂ ಮುಖ್ಯ ಅಂತ ಬೇರೆ ಹೇಳಿರುತ್ತಾರೆ.

ತಕ್ಷಣ ಸಾಫ್ಟ್‌ವೇರ್ ತೆರೆಯಬೇಡಿ. ಒಂದು ಹಾಳೆಯಲ್ಲಿ ಈ ಹನ್ನೊಂದನ್ನೂ ಬರೆಯಿರಿ. ಪೋಸ್ಟರ್ ನೋಡುವವರ ತಲೆಯಲ್ಲಿ ಏಳುವ ಪ್ರಶ್ನೆಗಳನ್ನು ಪಕ್ಕದಲ್ಲಿ ಬರೆಯಿರಿ. ಇದು ನನಗೆ ಬೇಕಾದ ವಿಷಯವಾ? ಆ ದಿನ ನನಗೆ ಬಿಡುವಿದೆಯಾ? ಎಲ್ಲಿಗೆ ಹೋಗಬೇಕು? ದುಡ್ಡೆಷ್ಟು? ಸೇರುವುದು ಹೇಗೆ? ಈ ಪ್ರಶ್ನೆಗಳು ಬರುವ ಕ್ರಮವೇ ನಿಮ್ಮ ಸರದಿ. ಹೆಸರು ಮೊದಲ ಸಾಲಿನದು. ದಿನಾಂಕ ಮತ್ತು ಸ್ಥಳ ಎರಡನೆಯದು. ಸಮಯ, ಶುಲ್ಕ, ಕಲಿಸುವವರು, ಫೋನ್, ಲಿಂಕ್ ಮೂರನೆಯದು. ಲೋಗೋಗಳು ಕೆಳಗೆ, ಒಂದೇ ಎತ್ತರದಲ್ಲಿ, ಒಂದೇ ಸಾಲಿನಲ್ಲಿ. ಕಲಿಸುವವರು ಹೆಸರು ಮಾಡಿದ ಫೋಟೋಗ್ರಾಫರ್ ಆಗಿದ್ದರೆ ಅವರ ಹೆಸರು ಮೇಲಕ್ಕೆ ಬರುತ್ತದೆ. ಜನ ಅವರನ್ನು ನೋಡಲೇ ಬರುತ್ತಾರೆ, ಅಲ್ವಾ? ಇಂಥ ತೀರ್ಮಾನಕ್ಕೆ ಸಿದ್ಧ ನಿಯಮ ಇಲ್ಲ. ಗ್ರಾಹಕರ ಜೊತೆ ಕೂತು ಮಾತಾಡಿಯೇ ಮಾಡಬೇಕು. ಈ ಮಾತುಕತೆ ಮೊದಲೇ ಆದರೆ ಆಮೇಲಿನ ಅರ್ಧ ತಿದ್ದುಪಡಿ ತಪ್ಪುತ್ತದೆ.

ಈಗ ಅಕ್ಷರದ ಗಾತ್ರ. 16ರಿಂದ ಶುರು ಮಾಡಿ ಒಂದೂವರೆ ಪಟ್ಟು ಏರಿಸುತ್ತಾ ಹೋದರೆ 16, 24, 36, 54 ಸಿಗುತ್ತದೆ. ಹೆಸರಿಗೆ 54, ದಿನಾಂಕ ಮತ್ತು ಸ್ಥಳಕ್ಕೆ 24, ಉಳಿದಿದ್ದಕ್ಕೆಲ್ಲ 16 ಕೊಡಿ. 36 ಅನ್ನು ಬೇಕಂತಲೇ ಬಿಟ್ಟಿದ್ದೇನೆ. ಮೊದಲನೆಯದಕ್ಕೂ ಎರಡನೆಯದಕ್ಕೂ ಅಂತರ ಜಾಸ್ತಿ ಇದ್ದಷ್ಟೂ ಕಣ್ಣಿಗೆ ಗೊಂದಲ ಕಡಿಮೆ. 16ರ ಪಕ್ಕ 18 ಇಟ್ಟರೆ ನೋಡುವವರಿಗೆ ಅದು ಬೇರೆ ಗಾತ್ರ ಅಂತ ಅನಿಸುವುದಿಲ್ಲ, ಎಲ್ಲೋ ಕೈತಪ್ಪಿದೆ ಅನಿಸುತ್ತದೆ. ವ್ಯತ್ಯಾಸ ಮಾಡುವುದಾದರೆ ಎದ್ದು ಕಾಣುವಷ್ಟು ಮಾಡಿ, ಇಲ್ಲವೇ ಎರಡನ್ನೂ ಒಂದೇ ಗಾತ್ರದಲ್ಲಿಡಿ.

ಇಷ್ಟೂ ಕೆಲಸವನ್ನು ಬರೀ ಕಪ್ಪು, ಬೂದು, ಬಿಳಿಯಲ್ಲೇ ಮುಗಿಸಿ. ಬೂದು ಬಣ್ಣದಲ್ಲಿ ಸರದಿ ಸರಿಯಾಗಿ ಕಂಡರೆ ಆಮೇಲೆ ಯಾವ ಬಣ್ಣ ಹಾಕಿದರೂ ನಿಲ್ಲುತ್ತದೆ. ಬೂದಿನಲ್ಲಿ ನಿಲ್ಲದ ಲೇಔಟನ್ನು ಬಣ್ಣ ಕಾಪಾಡುವುದಿಲ್ಲ. ಮುಗಿದ ಮೇಲೆ ಸ್ವಲ್ಪ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿ. ಅಕ್ಷರ ಮಸುಕಾಗುತ್ತದೆ, ಗುಡ್ಡೆಗಳು ಮಾತ್ರ ಕಾಣುತ್ತವೆ. ಎಲ್ಲಕ್ಕಿಂತ ಗಾಢವಾಗಿ ಕಾಣುವ ಗುಡ್ಡೆ ಕಾರ್ಯಾಗಾರದ ಹೆಸರೇ ಆಗಿರಬೇಕು. ಪ್ರಾಯೋಜಕರ ಲೋಗೋ ಎದ್ದು ಕಂಡರೆ ಸರದಿ ತಪ್ಪಿದೆ ಅಂತ ಅರ್ಥ. ಈ ವಿಷಯ ಏನೂ ಗೊತ್ತಿಲ್ಲದ ಒಬ್ಬರಿಗೆ ಐದು ಸೆಕೆಂಡ್ ತೋರಿಸಿ, ಮುಚ್ಚಿ, "ಏನು ನೋಡಿದ್ರಿ?" ಅಂತ ಕೇಳಿ. ಚೆನ್ನಾಗಿದೆಯಾ ಅಂತ ಕೇಳಬೇಡಿ. ಎಲ್ಲರೂ ಮರ್ಯಾದೆಗೆ ಚೆನ್ನಾಗಿದೆ ಅಂತಲೇ ಹೇಳುತ್ತಾರೆ.

ಖಾಲಿ ಜಾಗ

1923ರಲ್ಲಿ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಟೈಮರ್ ಸುಮ್ನೆ ಚುಕ್ಕಿ ಮತ್ತು ಗೆರೆಗಳನ್ನು ಇಟ್ಟುಕೊಂಡು ಒಂದು ಪ್ರಬಂಧ ಬರೆದರು. ಹತ್ತಿರ ಇರುವ ಚುಕ್ಕಿಗಳನ್ನು ನಮ್ಮ ಕಣ್ಣು ತಾನಾಗಿ ಒಂದು ಗುಂಪು ಮಾಡಿಕೊಳ್ಳುತ್ತದೆ, ಒಂದೇ ಥರ ಇರುವುದನ್ನೂ ಒಟ್ಟಿಗೆ ಸೇರಿಸುತ್ತದೆ ಅಂತ ತೋರಿಸಿದರು. ಗೆಸ್ಟಾಲ್ಟ್ ಅಂತ ಡಿಸೈನ್ ತರಗತಿಗಳಲ್ಲಿ ಕಲಿಸುವ ತತ್ವಗಳ ಬೇರು ಅಲ್ಲಿದೆ.

ಇದು ಕೆಲಸಕ್ಕೆ ಬರುವುದು ಹೀಗೆ. ಒಂದು ಫಾರ್ಮಿನಲ್ಲಿ "ಹೆಸರು" ಅನ್ನುವ ಲೇಬಲ್, ಅದರ ಕೆಳಗೆ ಬಾಕ್ಸ್, ಅದರ ಕೆಳಗೆ "ಇಮೇಲ್" ಅನ್ನುವ ಲೇಬಲ್, ಮತ್ತೊಂದು ಬಾಕ್ಸ್ ಇದೆ. ಎಲ್ಲದರ ನಡುವೆಯೂ 16 ಪಿಕ್ಸೆಲ್ ಅಂತರ ಕೊಟ್ಟಿದ್ದೀರಿ. ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ "ಇಮೇಲ್" ಅನ್ನುವ ಲೇಬಲ್ ಮೇಲಿನ ಬಾಕ್ಸಿನದ್ದೋ ಕೆಳಗಿನದ್ದೋ ಅಂತ ಕಣ್ಣು ಪ್ರತಿ ಸಲ ಯೋಚಿಸಬೇಕು. ಲೇಬಲ್ಲಿಗೂ ಅದರ ಬಾಕ್ಸಿಗೂ ನಡುವೆ 8, ಒಂದು ಜೋಡಿಗೂ ಇನ್ನೊಂದಕ್ಕೂ ನಡುವೆ 24 ಮಾಡಿ. ಒಂದು ಗೆರೆಯನ್ನೂ ಎಳೆಯದೆ, ಒಂದು ಚೌಕವನ್ನೂ ಹಾಕದೆ ಫಾರ್ಮ್ ಬಿಡಿಸಿಕೊಳ್ಳುತ್ತದೆ. ಗುಂಪಿನ ಒಳಗಿನ ಅಂತರ ಹೊರಗಿನ ಅಂತರಕ್ಕಿಂತ ಯಾವಾಗಲೂ ಕಡಿಮೆ ಇರಲಿ. ಹೆಡ್ಡಿಂಗ್‌ಗಳಿಗೂ ಇದೇ ಲೆಕ್ಕ. ಹೆಡ್ಡಿಂಗ್ ತನ್ನ ಕೆಳಗಿನ ಪ್ಯಾರಾಗೆ ಹತ್ತಿರ, ಮೇಲಿನ ಪ್ಯಾರಾಗೆ ದೂರ ಇರಬೇಕು. ಎಷ್ಟೋ ವೆಬ್‌ಸೈಟ್‌ಗಳಲ್ಲಿ ಎರಡೂ ಕಡೆ ಸಮ ಅಂತರ ಕೊಟ್ಟು ಹೆಡ್ಡಿಂಗನ್ನು ನಡುನೀರಿನಲ್ಲಿ ಬಿಟ್ಟಿರುತ್ತಾರೆ.

ಅಂತರಕ್ಕೆ 8ರ ಮಗ್ಗಿ ಇಟ್ಟುಕೊಳ್ಳುವ ರೂಢಿ ಇದೆ: 8, 16, 24, 32, 48, 64. ತೀರಾ ಸಣ್ಣ ಜಾಗಕ್ಕೆ 4. 8ರಲ್ಲಿ ಮಾಯೆ ಏನೂ ಇಲ್ಲ. ಆಯ್ಕೆ ಕಡಿಮೆ ಇದ್ದರೆ 23 ಇಡಲಾ 25 ಇಡಲಾ ಅಂತ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ. ಕೋಡ್ ಬರೆಯುವವರಿಗೂ ನಿಮ್ಮ ಫೈಲ್ ಕೂಡಲೇ ಅರ್ಥವಾಗುತ್ತದೆ.

"ಲೋಗೋ ಇನ್ನೂ ದೊಡ್ಡದು ಮಾಡಿ" ಅನ್ನುವ ಬೇಡಿಕೆಗೂ ಬಹಳ ಸಲ ಇಲ್ಲೇ ಉತ್ತರ ಸಿಗುತ್ತದೆ. ಲೋಗೋ ಕಾಣುತ್ತಿಲ್ಲ ಅನ್ನುವುದು ಅವರ ನಿಜವಾದ ದೂರು. ಸುತ್ತಲಿನ ಸಾಮಾನು ಸರಿಸಿ, ಜಾಗ ಬಿಡಿ. ಗಾತ್ರ ಅಷ್ಟೇ ಇದ್ದರೂ ಕಾಣತೊಡಗುತ್ತದೆ.

ಅಕ್ಷರ, ಅದರಲ್ಲೂ ಕನ್ನಡ ಅಕ್ಷರ

ಬ್ರೌಸರ್‌ಗಳು ಯಾವ ಸೂಚನೆಯೂ ಇಲ್ಲದಿದ್ದಾಗ ಪಠ್ಯವನ್ನು 16 ಪಿಕ್ಸೆಲ್‌ನಲ್ಲಿ ತೋರಿಸುತ್ತವೆ. ಓದಬೇಕಾದ ಪಠ್ಯವನ್ನು ಅದಕ್ಕಿಂತ ಕೆಳಗೆ ಇಳಿಸಲು ನನಗೆ ಕಾರಣ ಕಾಣುವುದಿಲ್ಲ. ಇಂಗ್ಲಿಷ್ ಸಾಲು 45ರಿಂದ 75 ಅಕ್ಷರ ಇದ್ದರೆ ಓದಲು ಹಿತ ಅಂತ ಮುದ್ರಣದ ಕಾಲದಿಂದ ಬಂದ ಅಳತೆ ಇದೆ. ಸಾಲು ಅದಕ್ಕಿಂತ ಉದ್ದವಾದರೆ ಮುಂದಿನ ಸಾಲಿನ ತಲೆ ಹುಡುಕಲು ಕಣ್ಣು ತಡವರಿಸುತ್ತದೆ. ಕನ್ನಡದ ಪದಗಳು ಉದ್ದ. ಹಾಗಾಗಿ ನಾನು ಅಕ್ಷರ ಎಣಿಸುವುದಿಲ್ಲ. ಸಾಲಿಗೆ ಏಳೆಂಟು ಪದ ಬಂದರೆ ಸಾಕು ಅಂತ ಇಟ್ಟುಕೊಂಡಿದ್ದೇನೆ. ದೊಡ್ಡ ಪರದೆಯಲ್ಲಿ ಪಠ್ಯ ಗೋಡೆಯಿಂದ ಗೋಡೆಗೆ ಹರಡದಂತೆ ವೆಬ್ ಪುಟದ ರೂಪ ಹೇಳುವ ಕೋಡ್ ಆದ ಸಿಎಸ್‌ಎಸ್‌ನಲ್ಲಿ ಮ್ಯಾಕ್ಸ್-ವಿಡ್ತ್ (ಗರಿಷ್ಠ ಅಗಲ) ಕೊಟ್ಟುಬಿಡಿ.

ಸಾಲುಗಳ ನಡುವಿನ ಅಂತರದ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಇಂಗ್ಲಿಷ್‌ಗೆ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಲೈನ್-ಹೈಟ್ ಸಾಮಾನ್ಯ. ಅದನ್ನೇ ಕನ್ನಡಕ್ಕೆ ಕೊಟ್ಟು "ರಾಷ್ಟ್ರ", "ಲಕ್ಷ್ಮೀ", "ಸ್ತ್ರೀ" ಇರುವ ಒಂದು ಪ್ಯಾರಾ ಹಾಕಿ ನೋಡಿ. ಕೆಳಗೆ ಒತ್ತಕ್ಷರ ಇಳಿದಿರುತ್ತದೆ, ಒಮ್ಮೊಮ್ಮೆ ಒಂದರ ಕೆಳಗೆ ಇನ್ನೊಂದು. ಮುಂದಿನ ಸಾಲಿನ ಗುಡಿಸು, ತಲೆಕಟ್ಟು ಮೇಲಕ್ಕೆ ಚಾಚಿರುತ್ತವೆ. ಎರಡೂ ಮುಟ್ಟಿಕೊಂಡು ಪ್ಯಾರಾ ಪೂರಾ ಒತ್ತಾಗಿ ಕಾಣುತ್ತದೆ. 1.6ರಿಂದ 1.8 ಕೊಟ್ಟರೆ ಸಾಲುಗಳಿಗೆ ಉಸಿರಾಡಲು ಜಾಗ ಸಿಗುತ್ತದೆ. ಬಟನ್ ಮತ್ತು ಮೆನುಗಳಲ್ಲೂ ಇದನ್ನು ನೆನಪಿಡಿ. ಇಂಗ್ಲಿಷ್ ಪದಕ್ಕೆ ಅಳೆದು ಮಾಡಿದ ಬಟನ್‌ನಲ್ಲಿ ಕನ್ನಡ ಹಾಕಿದಾಗ ಒತ್ತಕ್ಷರದ ತುದಿ ಕತ್ತರಿಸಿಹೋಗುವುದು ಪದೇ ಪದೇ ಕಾಣುವ ತೊಂದರೆ.

ಇನ್ನೂ ಹತ್ತಿರದಿಂದ ನೋಡಿ. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ. ಈ ಜೋಡಿಗಳಲ್ಲಿ ವ್ಯತ್ಯಾಸ ಅಂತ ಇರುವುದು ಅಡಿಯಲ್ಲಿ ಒಂದು ಪುಟ್ಟ ಗೀರು ಮಾತ್ರ. ಪ ಮತ್ತು ಷ ನಡುವೆ ಹೊಟ್ಟೆಯೊಳಗಿನ ಒಂದು ಗೆರೆ. ಫೋನಿನಲ್ಲಿ 12 ಪಿಕ್ಸೆಲ್‌ಗೆ ಇಳಿಸಿದರೆ ಆ ಗೀರು ಅಳಿಸಿಹೋದಂತೆಯೇ. ತುಂಬಾ ದಪ್ಪ ಫಾಂಟ್ ಬಳಸಿದರೆ ಅದೇ ಜಾಗ ಮಸಿ ತುಂಬಿದಂತೆ ಮುಚ್ಚಿಹೋಗುತ್ತದೆ. ಕನ್ನಡ ಫಾಂಟ್ ಆರಿಸುವಾಗ ದೊಡ್ಡ ಗಾತ್ರದ ಮಾದರಿ ನೋಡಿ ಮರುಳಾಗಬೇಡಿ. ಈ ಜೋಡಿಗಳನ್ನು ಟೈಪ್ ಮಾಡಿ, ನೀವು ನಿಜವಾಗಿ ಬಳಸುವ ಸಣ್ಣ ಗಾತ್ರದಲ್ಲಿ ಫೋನಿನಲ್ಲಿ ನೋಡಿ ತೀರ್ಮಾನಿಸಿ.

ಕೆಲವು ಫಾಂಟ್‌ಗಳಲ್ಲಿ ದಪ್ಪ ಅಕ್ಷರದ ಫೈಲ್ ಇರುವುದೇ ಇಲ್ಲ. ಆಗ ಬ್ರೌಸರ್ ಮಾಮೂಲಿ ಅಕ್ಷರದ ಅಂಚನ್ನು ಉಬ್ಬಿಸಿ ನಕಲಿ ದಪ್ಪ ಮಾಡುತ್ತದೆ. ಇಟಾಲಿಕ್ ಕೇಳಿದರೆ ಅಕ್ಷರವನ್ನು ಸುಮ್ನೆ ಓರೆ ಮಾಡುತ್ತದೆ. ಕನ್ನಡ ಬರಹದಲ್ಲಿ ಇಟಾಲಿಕ್ ಪರಂಪರೆಯೇ ಇಲ್ಲ. ಒತ್ತಿ ಹೇಳಬೇಕಾದ ಕಡೆ ದಪ್ಪ ತೂಕದ (ತೂಕ ಅಂದರೆ ಅಕ್ಷರದ ಗೆರೆಯ ದಪ್ಪ) ಅಸಲಿ ಫಾಂಟ್ ಬಳಸಿ, ಇಲ್ಲವೇ ಬಣ್ಣ ಬದಲಿಸಿ. ದೊಡ್ಡಕ್ಷರ ಸಣ್ಣಕ್ಷರ ಅನ್ನುವ ಭೇದವೂ ನಮ್ಮಲ್ಲಿಲ್ಲ. ಇಂಗ್ಲಿಷ್ ಡಿಸೈನಿನಲ್ಲಿ ಪೂರ್ತಿ ದೊಡ್ಡಕ್ಷರದಿಂದ ಸಿಗುವ ಒತ್ತನ್ನು ನಾವು ಗಾತ್ರ, ತೂಕ, ಜಾಗ ಇವುಗಳಿಂದಲೇ ತರಬೇಕು. ಅಕ್ಷರಗಳ ನಡುವಿನ ಅಂತರವನ್ನು ಮೈನಸ್‌ಗೆ ಇಳಿಸಿ ಹೆಡ್ಡಿಂಗ್ ಬಿಗಿ ಮಾಡುವ ಫ್ಯಾಷನ್ ಕನ್ನಡಕ್ಕೆ ಒಗ್ಗುವುದಿಲ್ಲ. ಪಕ್ಕದ ಒತ್ತಕ್ಷರಗಳು ಒಂದರ ಮೇಲೊಂದು ಹತ್ತುತ್ತವೆ.

ಫೋಟೋಶಾಪ್‌ನಲ್ಲಿ ಕನ್ನಡ ಟೈಪ್ ಮಾಡಿದಾಗ ಒತ್ತಕ್ಷರ ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಬಂದರೆ ಫಾಂಟನ್ನು ಬೈಯಬೇಡಿ. ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ, ನಿಮ್ಮ ಆವೃತ್ತಿಯಲ್ಲಿ ಆಯ್ಕೆ ಇದ್ದರೆ ಟೆಕ್ಸ್ಟ್ ಎಂಜಿನ್ ಅನ್ನು ವರ್ಲ್ಡ್-ರೆಡಿ ಲೇಔಟ್‌ಗೆ ಬದಲಿಸಿ. ಹಳೆಯ ಆವೃತ್ತಿಗಳಲ್ಲಿ ಇದಕ್ಕೆ ಮಿಡ್ಲ್ ಈಸ್ಟರ್ನ್ ಆಂಡ್ ಸೌತ್ ಏಷ್ಯನ್ ಅಂತ ಹೆಸರಿತ್ತು. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೆನುವಿನಲ್ಲಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಬೇಕು. ಎಷ್ಟೋ ಜನ ಇದು ಗೊತ್ತಿಲ್ಲದೆ ಇಂದಿಗೂ, ಎಲ್ಲ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್‌ಗೂ ಮೊದಲಿನ ಹಳೆಯ ಫಾಂಟ್‌ಗಳಿಗೇ ಅಂಟಿಕೊಂಡಿದ್ದಾರೆ. ಆ ಫಾಂಟ್‌ಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಮಾತ್ರ ಕನ್ನಡದ ರೂಪ. ಅಚ್ಚಿಗೆ ನಡೆಯುತ್ತದೆ. ವೆಬ್‌ಗೆ ತಂದರೆ ಹುಡುಕಿದಾಗ ಸಿಗುವುದಿಲ್ಲ, ಕಾಪಿ ಮಾಡಿದರೆ ಅರ್ಥವಿಲ್ಲದ ಅಕ್ಷರ ಬರುತ್ತದೆ, ಕಣ್ಣು ಕಾಣದವರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್ ತಡಬಡಿಸುತ್ತದೆ.

ಬಣ್ಣದ ಲೆಕ್ಕ

ತಿಳಿ ಬೂದು ಅಕ್ಷರ, ಬಿಳಿ ಹಿನ್ನೆಲೆ. ನಿಮ್ಮ ಒಳ್ಳೆಯ ಮಾನಿಟರ್‌ನಲ್ಲಿ ನಾಜೂಕಾಗಿ ಕಾಣುತ್ತದೆ. ಬಿಸಿಲಿನಲ್ಲಿ ಫೋನ್ ಹಿಡಿದು ನಿಂತವರಿಗೆ, ವಯಸ್ಸಾದ ಕಣ್ಣಿಗೆ ಅದು ಖಾಲಿ ಪುಟ. ಎಷ್ಟು ತಿಳಿಯಾದರೆ ಅತಿಯಾಯಿತು ಅಂತ ಹೇಳಲು ಒಂದು ಅಳತೆ ಇದೆ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2008ರಲ್ಲಿ, ಎಲ್ಲರಿಗೂ ಬಳಸಲು ಬರುವ ವೆಬ್ ಪುಟಕ್ಕೆ ಬೇಕಾದ ನಿಯಮಾವಳಿ ಡಬ್ಲ್ಯೂಸಿಎಜಿ 2.0 ಹೊರತಂದಾಗ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸ) ಅನುಪಾತಕ್ಕೆ ಒಂದು ಸೂತ್ರ ಕೊಟ್ಟಿತು. ಈಗ ಜಾರಿಯಲ್ಲಿರುವ 2.2 ಆವೃತ್ತಿ 2023ರದು, ಅದರಲ್ಲೂ ಅದೇ ಸೂತ್ರ ಇದೆ. ಬಿಳಿಯ ಮೇಲೆ ಬಿಳಿ ಅಂದರೆ 1, ಬಿಳಿಯ ಮೇಲೆ ಅಚ್ಚ ಕಪ್ಪು ಅಂದರೆ 21. ಮಾಮೂಲಿ ಪಠ್ಯಕ್ಕೆ ಕನಿಷ್ಠ 4.5 ಬೇಕು. 24 ಪಿಕ್ಸೆಲ್ ಅಥವಾ ಅದಕ್ಕಿಂತ ದೊಡ್ಡ ಅಕ್ಷರಕ್ಕೆ, ದಪ್ಪ ಅಕ್ಷರವಾದರೆ ಸುಮಾರು 18.5 ಪಿಕ್ಸೆಲ್‌ನಿಂದ ಮೇಲಿನದಕ್ಕೆ, 3 ಸಾಕು. ಐಕಾನ್ ಮತ್ತು ಇನ್‌ಪುಟ್ ಬಾಕ್ಸಿನ ಅಂಚಿಗೂ 3 ಇರಬೇಕು.

ಪಾಸ್ ಫೇಲ್ ನಡುವಿನ ಗಡಿ ಎಷ್ಟು ತೆಳು ಅಂತ ನೋಡಲು ಎರಡು ಬೂದು ತೆಗೆದುಕೊಳ್ಳಿ. ಬಿಳಿಯ ಮೇಲೆ #777777 ಅನ್ನುವ ಸಂಕೇತದ ಬಣ್ಣದ ಅನುಪಾತ 4.48, ಅಂದರೆ ಫೇಲ್. #767676 ಬಣ್ಣದ್ದು 4.54, ಪಾಸ್. ಕಣ್ಣಿಗೆ ಎರಡೂ ಒಂದೇ. ಹಾಗಂತ ಗಡಿಯ ಮೇಲೆ ನಿಂತು ಪಾಸಾಗುವುದು ಗುರಿ ಆಗಬಾರದು. ಓದುವ ಪಠ್ಯಕ್ಕೆ 7ರ ಆಸುಪಾಸು ಇಟ್ಟುಕೊಂಡರೆ ನೆಮ್ಮದಿ. ಅದೇ ಮಾನದಂಡದ ಮೇಲಿನ ದರ್ಜೆ ಕೇಳುವುದೂ ಅಷ್ಟನ್ನೇ.

ಬಣ್ಣಗಳಿಗೆ ಬಂದಾಗ ಅಚ್ಚರಿ ಇನ್ನೂ ಜಾಸ್ತಿ. ನಮ್ಮ ಕಣ್ಣಿಗೆ ಹಸಿರು ಬೆಳಕು ಹೆಚ್ಚು ಪ್ರಕಾಶವಾಗಿ ಕಾಣುತ್ತದೆ, ಕೆಂಪು ಅದಕ್ಕಿಂತ ಕಡಿಮೆ, ನೀಲಿ ತೀರಾ ಕಡಿಮೆ. ಸೂತ್ರದಲ್ಲಿ ಹಸಿರಿಗೆ 0.7152, ಕೆಂಪಿಗೆ 0.2126, ನೀಲಿಗೆ ಬರೀ 0.0722 ತೂಕ. ಹಳದಿ ಅಂದರೆ ಪರದೆಯಲ್ಲಿ ಕೆಂಪು ಮತ್ತು ಹಸಿರು ಸೇರಿದ್ದು. ಹಾಗಾಗಿ ಬಿಳಿಯ ಮೇಲೆ ಅಚ್ಚ ಹಳದಿಯ ಅನುಪಾತ 1.07. ಇಲ್ಲವೇ ಇಲ್ಲ ಅನ್ನಬಹುದು. ಅಚ್ಚ ಹಸಿರು 1.37. ಅಚ್ಚ ಕೆಂಪು ಸುಮಾರು 4. ಎರರ್ ಮೆಸೇಜ್‌ಗೆ ಎಲ್ಲರೂ ಬಳಸುವ ಈ ಕೆಂಪು ಸಣ್ಣ ಅಕ್ಷರಕ್ಕೆ ಸಾಲದು, ಸ್ವಲ್ಪ ಗಾಢ ಮಾಡಬೇಕು. ಅಚ್ಚ ನೀಲಿ 8.59, ಆರಾಮಾಗಿ ಪಾಸ್. ಅದೇ ನೀಲಿಯನ್ನು ಕಪ್ಪಿನ ಮೇಲೆ ಇಟ್ಟರೆ 2.44ಕ್ಕೆ ಇಳಿಯುತ್ತದೆ. ಡಾರ್ಕ್ ಮೋಡ್ ಮಾಡುವಾಗ ಲೈಟ್ ಮೋಡ್‌ನ ಲಿಂಕ್ ಬಣ್ಣವನ್ನು ಹಾಗೇ ಎತ್ತಿ ಹಾಕಿದರೆ ಲಿಂಕ್‌ಗಳು ಕತ್ತಲಲ್ಲಿ ಮುಳುಗುವುದು ಇದೇ ಕಾರಣಕ್ಕೆ.

ಕಲರ್ ಪಿಕ್ಕರ್‌ನ ಎಚ್‌ಎಸ್‌ಎಲ್ ಸ್ಲೈಡರ್ (ಬಣ್ಣವನ್ನು ವರ್ಣ, ಗಾಢತೆ, ಬೆಳಕು ಅಂತ ಮೂರಾಗಿ ಅಳೆಯುವುದು) ಈ ವ್ಯತ್ಯಾಸವನ್ನು ತೋರಿಸುವುದಿಲ್ಲ. ಅದರ ಪ್ರಕಾರ ಅಚ್ಚ ಹಳದಿಯೂ ಅಚ್ಚ ನೀಲಿಯೂ ಒಂದೇ 50 ಶೇಕಡಾ ಲೈಟ್‌ನೆಸ್. ಒಂದೇ ಲೈಟ್‌ನೆಸ್ ಇಟ್ಟು ಐದು ಬಣ್ಣದ ಬಟನ್ ಮಾಡಿದರೆ ಒಂದು ಕಣ್ಣು ಕುಕ್ಕುತ್ತದೆ, ಇನ್ನೊಂದು ಮಂಕಾಗುತ್ತದೆ. 2020ರಲ್ಲಿ ಬ್ಯೋರ್ನ್ ಓಟೊಸನ್ ಅನ್ನುವವರು ಓಕೆಲ್ಯಾಬ್ ಅನ್ನುವ ಬಣ್ಣದ ಲೆಕ್ಕಾಚಾರ ಪ್ರಕಟಿಸಿದರು. ಕಣ್ಣಿಗೆ ಕಾಣುವ ಬೆಳಕಿಗೆ ಅದು ಬಹಳ ಹತ್ತಿರ. ಈಗ ಅದರ ಓಕೆಎಲ್‌ಸಿಎಚ್ ರೂಪ ಸಿಎಸ್‌ಎಸ್‌ನಲ್ಲೇ ಸಿಗುತ್ತದೆ, ಪ್ರಮುಖ ಬ್ರೌಸರ್‌ಗಳೆಲ್ಲ ಅರ್ಥ ಮಾಡಿಕೊಳ್ಳುತ್ತವೆ. ಹೊಸದಾಗಿ ಪ್ಯಾಲೆಟ್ (ಬಳಸುವ ಬಣ್ಣಗಳ ಗುಂಪು) ಕಟ್ಟುವವರು ಅದರಲ್ಲೇ ಕಟ್ಟಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಹನ್ನೆರಡಕ್ಕೆ ಒಬ್ಬರಿಗೆ ಕೆಂಪು ಹಸಿರು ಬೇರೆ ಮಾಡಿ ನೋಡುವುದು ಕಷ್ಟ. ಬೇರೆಡೆ ಪ್ರಮಾಣ ಬದಲಾಗಬಹುದು, ತೊಂದರೆ ಎಲ್ಲ ಕಡೆಯೂ ಇದೆ. ಆದ್ದರಿಂದ ಹಸಿರು ಚುಕ್ಕಿ ಅಂದರೆ ಆಯಿತು, ಕೆಂಪು ಚುಕ್ಕಿ ಅಂದರೆ ಆಗಲಿಲ್ಲ ಅಂತ ಬರೀ ಬಣ್ಣದಲ್ಲಿ ಹೇಳಬೇಡಿ. ಪಕ್ಕದಲ್ಲಿ ಒಂದು ಪದ ಇರಲಿ, ಅಥವಾ ಗುರುತಿನ ಆಕಾರವೇ ಬೇರೆ ಇರಲಿ.

ಬೆರಳು ಮತ್ತು ಪರದೆ

ಮೌಸ್‌ನ ತುದಿ ಸೂಕ್ಷ್ಮ, ಹೆಬ್ಬೆರಳು ಹಾಗಲ್ಲ. ಒತ್ತುವ ಜಾಗ ಕನಿಷ್ಠ 44 ಪಾಯಿಂಟ್ ಉದ್ದಗಲ ಇರಲಿ ಅಂತ ಆ್ಯಪಲ್ ಹೇಳುತ್ತದೆ. ಆಂಡ್ರಾಯ್ಡ್‌ಗೆ ಗೂಗಲ್ ಹೇಳುವುದು 48 ಡಿಪಿ. ಪಾಯಿಂಟ್, ಡಿಪಿ ಎರಡೂ ಪರದೆಯ ಅಳತೆಯ ಘಟಕಗಳು. ಡಬ್ಲ್ಯೂಸಿಎಜಿ 2.2 ಕೇಳುವ ತೀರಾ ಕನಿಷ್ಠ 24 ಪಿಕ್ಸೆಲ್. ಐಕಾನ್ ದೊಡ್ಡದಾಗಿ ಕಾಣಲೇಬೇಕು ಅಂತೇನಿಲ್ಲ. 20 ಪಿಕ್ಸೆಲ್ ಐಕಾನಿನ ಸುತ್ತ ಪ್ಯಾಡಿಂಗ್ (ಖಾಲಿ ಜಾಗ) ಕೊಟ್ಟು ಒತ್ತುವ ಜಾಗವನ್ನು ಹಿಗ್ಗಿಸಿದರೆ ಆಯಿತು.

2010ರಲ್ಲಿ ವೆಬ್ ಡಿಸೈನರ್ ಈಥನ್ ಮಾರ್ಕಾಟ್, ಪರದೆಯ ಅಗಲಕ್ಕೆ ತಾನೇ ಹೊಂದಿಕೊಳ್ಳುವ ಪುಟಕ್ಕೆ ರೆಸ್ಪಾನ್ಸಿವ್ ಡಿಸೈನ್ ಅನ್ನುವ ಹೆಸರು ಕೊಟ್ಟು ಲೇಖನ ಬರೆಯುವವರೆಗೂ ಒಂದೇ ಅಗಲದ ಪುಟ ಮಾಡುವುದು ವಾಡಿಕೆಯಾಗಿತ್ತು. ಈಗ ಎಲ್ಲರೂ ಫೋನ್, ಟ್ಯಾಬ್, ಲ್ಯಾಪ್‌ಟಾಪ್ ಅಂತ ಮೂರು ಅಗಲ ಮಾಡುತ್ತಾರೆ. ಅಷ್ಟು ಸಾಲದು. ಅಗಲಕ್ಕಿಂತ ಹೆಚ್ಚಾಗಿ ಲೇಔಟನ್ನು ಮುರಿಯುವುದು ಒಳಗಿನ ಸರಕು. ಹೆಸರಿನ ಜಾಗದಲ್ಲಿ ಮೂರು ಅಕ್ಷರದ ಹೆಸರು ಹಾಕಿ ತೋರಿಸಿರುತ್ತೀರಿ. ನಿಜವಾದ ಬಳಕೆದಾರರ ಹೆಸರು ಎರಡು ಸಾಲು ಬರುತ್ತದೆ. ಪಟ್ಟಿಯಲ್ಲಿ ಆರು ಚೆಂದದ ಕಾರ್ಡ್ ಇಟ್ಟಿರುತ್ತೀರಿ. ಮೊದಲ ದಿನ ಲಾಗಿನ್ ಆದವರಿಗೆ ಅಲ್ಲಿ ಒಂದೂ ಇರುವುದಿಲ್ಲ. ಹಾಗಾಗಿ ಪ್ರತಿ ಸ್ಕ್ರೀನ್‌ಗೂ ತುಂಬಿ ತುಳುಕುವ ಸ್ಥಿತಿ, ಖಾಲಿ ಸ್ಥಿತಿ, ತಪ್ಪಾದಾಗಿನ ಸ್ಥಿತಿ ಈ ಮೂರನ್ನೂ ಬಿಡಿಸಿ. ಡೆವಲಪರ್ ನಿಮಗೆ ಫೋನ್ ಮಾಡಿ ಕೇಳುವ ಅರ್ಧ ಪ್ರಶ್ನೆಗಳು ಇವೇ.

ವೇಗವೂ ಡಿಸೈನರ್ ಕೈಯಲ್ಲಿದೆ. ಪುಟದ ದೊಡ್ಡ ಚಿತ್ರ ಅಥವಾ ಹೆಡ್ಡಿಂಗ್ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟುಕೊಂಡಿರುವ ಮಟ್ಟ. ಮುಖಪುಟಕ್ಕೆ ನಾಲ್ಕು ದೊಡ್ಡ ಫೋಟೋ, ಆರು ತೂಕದ ಫಾಂಟ್ ಹಾಕುವ ತೀರ್ಮಾನ ಮಾಡುವವರು ನೀವೇ. ಸಂಯುಕ್ತಾಕ್ಷರಗಳ ರೂಪಗಳೆಲ್ಲ ಸೇರುವುದರಿಂದ ಕನ್ನಡ ಫಾಂಟ್ ಫೈಲ್‌ಗಳು ಸಹಜವಾಗಿ ಭಾರ. ಎರಡು ತೂಕದಲ್ಲಿ ಕೆಲಸ ಮುಗಿಸಿ. ಚಿತ್ರಗಳನ್ನು ಫೈಲ್ ಹಗುರ ಮಾಡುವ ವೆಬ್‌ಪಿ ಅಥವಾ ಎವಿಐಎಫ್‌ನಲ್ಲಿ ಕೊಡಿ. ಚಿತ್ರದ ಉದ್ದ ಅಗಲವನ್ನು ಕೋಡ್‌ನಲ್ಲಿ ಬರೆಯಲು ಹೇಳಿ. ಇಲ್ಲದಿದ್ದರೆ ಚಿತ್ರ ತಡವಾಗಿ ಬಂದು ಪಠ್ಯವನ್ನು ಕೆಳಗೆ ತಳ್ಳುತ್ತದೆ, ಓದುತ್ತಿದ್ದ ಸಾಲು ಕೈತಪ್ಪುತ್ತದೆ.

ಸ್ಫೂರ್ತಿ ಎಲ್ಲಿ ಸಿಗುತ್ತದೆ

ಡಿಸೈನರ್‌ಗಳು ಬೇರೆ ಡಿಸೈನರ್‌ಗಳಿಗೆ ತೋರಿಸಲು ಮಾಡಿದ ಕೆಲಸವನ್ನೇ ದಿನವಿಡೀ ನೋಡುತ್ತಿದ್ದರೆ ಎಲ್ಲರ ಕೆಲಸವೂ ಒಂದೇ ಥರ ಆಗುತ್ತದೆ. ಗಟ್ಟಿ ಕಟ್ಟುಪಾಡಿನೊಳಗೆ ಯಾರೋ ಒಂದು ತೊಡಕು ಬಿಡಿಸಿದ ಕೆಲಸ ಹುಡುಕಿ. ಮನಸ್ಸಿಗೆ ಹುರುಪು ಬರುವುದು ಅಲ್ಲಿ.

ಹ್ಯಾರಿ ಬೆಕ್ ಲಂಡನ್ನಿನ ಭೂಗತ ರೈಲಿನ ಸಿಗ್ನಲ್ ಕಚೇರಿಯಲ್ಲಿ ನಕ್ಷೆ ಬಿಡಿಸುವ ಕೆಲಸ ಮಾಡಿದವರು. 1931ರಲ್ಲಿ ಅವರು ರೈಲಿನ ನಕ್ಷೆಯನ್ನು ಬೇರೆಯೇ ರೀತಿ ಬರೆದರು. ನಿಲ್ದಾಣಗಳ ನಡುವಿನ ನಿಜವಾದ ದೂರ ಬಿಟ್ಟರು, ಹಳಿಯ ವಕ್ರಗಳನ್ನೆಲ್ಲ ಬಿಟ್ಟರು. ಅಡ್ಡ, ನೆಟ್ಟಗೆ, 45 ಡಿಗ್ರಿ ಓರೆ, ಈ ಗೆರೆಗಳು ಮಾತ್ರ. ನೆಲದ ಮೇಲಿನ ಗುರುತು ಅಂತ ಉಳಿದದ್ದು ಥೇಮ್ಸ್ ನದಿ ಒಂದೇ. ಅಧಿಕಾರಿಗಳು ಮೊದಲು ಒಪ್ಪಲಿಲ್ಲ. 1933ರಲ್ಲಿ ಅಚ್ಚಾದಾಗ ಜನ ಕೂಡಲೇ ಒಪ್ಪಿಕೊಂಡರು. ಸುರಂಗದಲ್ಲಿ ಕೂತವರಿಗೆ ಎಷ್ಟು ದೂರ ಅನ್ನುವುದಕ್ಕಿಂತ ಎಲ್ಲಿ ಇಳಿದು ಬದಲಿಸಬೇಕು ಅನ್ನುವುದು ಮುಖ್ಯ. ಬೆಕ್ ಆ ಒಂದು ಪ್ರಶ್ನೆ ಹಿಡಿದು ಉಳಿದದ್ದನ್ನು ಕೈಬಿಟ್ಟರು. ಜಗತ್ತಿನ ಎಷ್ಟೋ ಮೆಟ್ರೋ ನಕ್ಷೆಗಳು ಇಂದಿಗೂ ಅದೇ ದಾರಿಯಲ್ಲಿವೆ.

ಬ್ರಿಟನ್ನಿನ ರಸ್ತೆ ಫಲಕಗಳದ್ದು ಇನ್ನೊಂದು ಪಾಠ. ಜಾಕ್ ಕಿನ್ನಿಯರ್ ಮತ್ತು ಮಾರ್ಗರೆಟ್ ಕಾಲ್ವರ್ಟ್ ಮಾಡಿದ ಫಲಕಗಳು 1965ರ ಜನವರಿ 1ರಿಂದ ಜಾರಿಗೆ ಬಂದವು. ವೇಗವಾಗಿ ಹೋಗುವ ವಾಹನದಿಂದ ಒಂದು ನೋಟಕ್ಕೆ ಓದಬೇಕು ಅನ್ನುವುದು ಅವರ ಕಟ್ಟುಪಾಡು. ಊರಿನ ಹೆಸರುಗಳನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆಯುವ ರೂಢಿ ಬಿಟ್ಟು ಮೊದಲ ಅಕ್ಷರ ಮಾತ್ರ ದೊಡ್ಡದು ಮಾಡಿದರು. ಆಗ ಪ್ರತಿ ಹೆಸರಿಗೂ ತನ್ನದೇ ಆದ ಏರಿಳಿತದ ಆಕಾರ ಬರುತ್ತದೆ. ಮಕ್ಕಳು ದಾಟುವ ಜಾಗದ ಫಲಕದಲ್ಲಿ ಹುಡುಗಿಯೊಬ್ಬಳು ಪುಟ್ಟ ಹುಡುಗನ ಕೈಹಿಡಿದು ಮುಂದೆ ನಡೆಯುತ್ತಾಳೆ. ಕಾಲ್ವರ್ಟ್ ಆ ಹುಡುಗಿಯನ್ನು ತಮ್ಮದೇ ಬಾಲ್ಯದ ಫೋಟೋ ನೋಡಿ ಬಿಡಿಸಿದರು.

ಆ್ಯಪಲ್ ಕಂಪನಿಯ 1984ರ ಕಂಪ್ಯೂಟರ್ ಮ್ಯಾಕಿಂಟಾಷ್‌ಗೆ ಸೂಸನ್ ಕೇರ್ ಐಕಾನ್ ಮಾಡುವಾಗ ಸಿಕ್ಕಿದ ಜಾಗ 32ಕ್ಕೆ 32, ಅಂದರೆ 1024 ಚೌಕ. ಕಪ್ಪು, ಬಿಳಿ ಬಿಟ್ಟರೆ ಬೇರೆ ಬಣ್ಣ ಇಲ್ಲ. ಚೌಕುಳಿ ಹಾಳೆಯಲ್ಲಿ ಒಂದೊಂದೇ ಚೌಕ ತುಂಬಿ ಕಸದ ಡಬ್ಬಿ, ನಗುವ ಕಂಪ್ಯೂಟರ್ ಮಾಡಿದರು. ಕಮಾಂಡ್ ಕೀಲಿಯ ಮೇಲಿರುವ ನಾಲ್ಕು ಕುಣಿಕೆಯ ಗುರುತನ್ನು ಅವರು ಚಿಹ್ನೆಗಳ ಪುಸ್ತಕವೊಂದರಲ್ಲಿ ಕಂಡುಕೊಂಡರು. ನಾರ್ಡಿಕ್ ದೇಶಗಳಲ್ಲಿ ನೋಡತಕ್ಕ ಸ್ಥಳಗಳ ಫಲಕಕ್ಕೆ ಅದನ್ನು ಬಳಸುತ್ತಾರೆ. ಸ್ಫೂರ್ತಿ ಪಕ್ಕದ ಓಣಿಯಿಂದಲೂ ಬರುತ್ತದೆ ಅಂತ ತಿಳಿಯಲು ಇಷ್ಟು ಸಾಕು.

ಇಷ್ಟವಾದ ಕೆಲಸ ಸಿಕ್ಕಾಗ ಸೇವ್ ಮಾಡಿ ಮರೆಯಬೇಡಿ, ಬಿಚ್ಚಿ ನೋಡಿ. ಸ್ಕ್ರೀನ್‌ಶಾಟ್ ತೆಗೆದು ಮೇಲೆ ಗೆರೆ ಎಳೆಯಿರಿ. ಎಷ್ಟು ಅಕ್ಷರ ಗಾತ್ರ ಬಳಸಿದ್ದಾರೆ, ಎಷ್ಟು ಬಣ್ಣ, ಎಡ ಅಂಚುಗಳು ಎಷ್ಟು ಕಡೆ ಕೂಡುತ್ತವೆ ಅಂತ ಎಣಿಸಿ. ತುಂಬಾ ಶ್ರೀಮಂತವಾಗಿ ಕಾಣುವ ಪುಟದಲ್ಲಿ ಗಾತ್ರ ಮೂರೇ, ಬಣ್ಣ ಎರಡೇ ಇರುವುದು ಆಗ ಗೊತ್ತಾಗುತ್ತದೆ. ಆಮೇಲೆ ಆ ಅಳತೆಗಳನ್ನು ಮಾತ್ರ ಇಟ್ಟುಕೊಂಡು ನಿಮ್ಮದೇ ವಿಷಯ, ನಿಮ್ಮದೇ ಅಕ್ಷರ ಹಾಕಿ ಹೊಸದಾಗಿ ಕಟ್ಟಿ. ಕೈಗೆ ಕಲಿಕೆ ಇಳಿಯುವುದು ಇಲ್ಲೇ. ಅಭ್ಯಾಸಕ್ಕೆ ಮಾಡಿದ್ದನ್ನು ನಿಮ್ಮ ಸ್ವಂತ ಕೆಲಸ ಅಂತ ತೋರಿಸಬಾರದು ಅನ್ನುವುದು ಬೇರೆ ಹೇಳಬೇಕಿಲ್ಲ.

ಅಚ್ಚಿಗೆ ಕಳಿಸುವ ಮುಂಚೆ

ಪರದೆ ಬೆಳಕು ಹೊಮ್ಮಿಸಿ ಬಣ್ಣ ತೋರಿಸುತ್ತದೆ, ಕಾಗದ ಬೆಳಕನ್ನು ಹಿಂದಿರುಗಿಸಿ ತೋರಿಸುತ್ತದೆ. ಹಾಗಾಗಿ ಪರದೆಯ ಹೊಳೆಯುವ ಹಸಿರು, ಗಾಢ ನೀಲಿ ಅಚ್ಚಿನ ಸಿಎಂವೈಕೆ (ಸಯಾನ್, ಮಜೆಂತಾ, ಹಳದಿ, ಕಪ್ಪು) ಶಾಯಿಯಲ್ಲಿ ಮಂಕಾಗುತ್ತವೆ. ಗ್ರಾಹಕರಿಗೆ ಇದನ್ನು ಮೊದಲೇ ಹೇಳಿ, ಸಿಎಂವೈಕೆಗೆ ಬದಲಿಸಿದ ಮೇಲೆಯೇ ಬಣ್ಣ ತೋರಿಸಿ. ಫೋಟೋಗಳು ಅಚ್ಚಾಗುವ ಗಾತ್ರದಲ್ಲಿ ಇಂಚಿಗೆ 300 ಪಿಕ್ಸೆಲ್ ಇರಲಿ. ಅಂಚಿನವರೆಗೆ ಬಣ್ಣ ಇದ್ದರೆ ಸುತ್ತ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಬಣ್ಣದ ಅಂಚು) ಬಿಡಿ, ಇಲ್ಲದಿದ್ದರೆ ಕತ್ತರಿಸುವಾಗ ಬಿಳಿ ಗೆರೆ ಇಣುಕುತ್ತದೆ.

ಕಪ್ಪು ಅಕ್ಷರದ ಬಗ್ಗೆ ಒಂದು ಮಾತು. ಆರ್‌ಜಿಬಿಯ (ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕ) ಕಪ್ಪನ್ನು ಹಾಗೇ ಬದಲಿಸಿದರೆ ಅದು ನಾಲ್ಕೂ ಶಾಯಿಯ ಮಿಶ್ರಣವಾಗುತ್ತದೆ. ದೊಡ್ಡ ಕಪ್ಪು ಹಿನ್ನೆಲೆಗೆ ಅದು ಒಳ್ಳೆಯದು, ಆಳ ಬರುತ್ತದೆ. ಸಣ್ಣ ಅಕ್ಷರಕ್ಕೆ ಕೆಟ್ಟದ್ದು. ಯಂತ್ರದಲ್ಲಿ ನಾಲ್ಕು ಬಣ್ಣ ಕೂದಲೆಳೆಯಷ್ಟು ಅತ್ತಿತ್ತ ಸರಿದರೂ ಅಕ್ಷರದ ಸುತ್ತ ಬಣ್ಣದ ನೆರಳು ಕಾಣುತ್ತದೆ, ಕನ್ನಡದ ಒತ್ತಕ್ಷರ, ಸಣ್ಣ ಗೀರುಗಳು ಕದಡಿಹೋಗುತ್ತವೆ. ಓದುವ ಪಠ್ಯಕ್ಕೆ ಕಪ್ಪು ಶಾಯಿ ಮಾತ್ರ 100 ಶೇಕಡಾ, ಉಳಿದ ಮೂರು ಸೊನ್ನೆ ಇಡಿ. ಫೈಲ್ ಕಳಿಸುವಾಗ ಅಕ್ಷರಗಳನ್ನು ಆಕಾರಗಳಾಗಿ ಬದಲಿಸಿ, ಅಂದರೆ ಔಟ್‌ಲೈನ್ ಮಾಡಿ ಪಿಡಿಎಫ್ ಕೊಟ್ಟರೆ ಪ್ರೆಸ್ಸಿನ ಕಂಪ್ಯೂಟರ್‌ನಲ್ಲಿ ಫಾಂಟ್ ಬದಲಾಗುವ ಭಯ ಇರುವುದಿಲ್ಲ. ತಿದ್ದಲು ಬರುವ ಮೂಲ ಫೈಲನ್ನು ಬೇರೆ ಇಟ್ಟುಕೊಳ್ಳಿ, ಫೋನ್ ನಂಬರನ್ನು ಒಮ್ಮೆ ನೀವೇ ಡಯಲ್ ಮಾಡಿ ನೋಡಿ, ಆಮೇಲೆ ಕಳಿಸಿ.